ಡಬ್‌ಸ್ಟೆಪ್ ಹುಟ್ಟಿದ್ದು ಗ್ರೈಮ್ ಸಂಗೀತದಿಂದಲೇ?

ನೇರವಾಗಿ ಅಲ್ಲ, ಅವೆರಡೂ ಒಡಹುಟ್ಟಿದವು. 2000ರ ಆಸುಪಾಸಿನಲ್ಲಿ ಲಂಡನ್ನಿನ ಕ್ಲಬ್ಬುಗಳಲ್ಲಿ ಮೆರೆಯುತ್ತಿದ್ದ ‘ಯುಕೆ ಗರಾಜ್’ ಎಂಬ ಕುಣಿತದ ಸಂಗೀತವೇ ಎರಡಕ್ಕೂ ತಾಯಿ.

ಪೂರ್ವ ಲಂಡನ್ನಿನ ಬೋ ಕಡೆಯ ವೈಲಿ, ಡಿಜ್ಜಿ ರಾಸ್ಕಲ್ ಅಂಥವರು ಅದನ್ನು ಒರಟಾಗಿಸಿ, ಮೇಲೆ ಬಿರುಸಿನ ರ್‍ಯಾಪ್ ಹಾಕಿದರು. ಅದು ಗ್ರೈಮ್. ದಕ್ಷಿಣದ ಕ್ರಾಯ್ಡನ್‌ನಲ್ಲಿ ಬಿಗ್ ಆ್ಯಪಲ್ ಎಂಬ ರೆಕಾರ್ಡ್ ಅಂಗಡಿ ಇತ್ತು. ಅಲ್ಲಿ ಸುಳಿದಾಡುತ್ತಿದ್ದ ಸ್ಕ್ರೀಮ್, ಬೆಂಗಾ ಎಂಬ ಹದಿಹರೆಯದ ಹುಡುಗರು ಮಾತನ್ನು ಬಹುಪಾಲು ತೆಗೆದು, ಆ ಜಾಗವನ್ನು ಎದೆ ನಡುಗಿಸುವ ಆಳದ ಬೇಸ್‌ಗೆ ಬಿಟ್ಟುಕೊಟ್ಟರು. ಅದು ಡಬ್‌ಸ್ಟೆಪ್. ಫೋನಿನ ಸ್ಪೀಕರಿನಲ್ಲಿ ಕೇಳಿ ತೀರ್ಮಾನಿಸಬೇಡಿ, ಆ ಬೇಸ್ ಅದರಲ್ಲಿ ಬರುವುದೇ ಇಲ್ಲ.

ಗುಟ್ಟಿರುವುದು ಲಯದಲ್ಲಿ. ಎರಡರ ವೇಗವೂ ನಿಮಿಷಕ್ಕೆ ಸುಮಾರು 140 ಬೀಟ್. ಆದರೆ ಡಬ್‌ಸ್ಟೆಪ್‌ನಲ್ಲಿ ಸ್ನೇರ್, ಅಂದರೆ ಚಟ್ಟನೆ ಹೊಡೆಯುವ ಡ್ರಮ್, ಸಾಮಾನ್ಯವಾಗಿ ನಾಲ್ಕೆಣಿಕೆಯ ಮೂರನೆಯದರ ಮೇಲಷ್ಟೇ ಬೀಳುತ್ತದೆ. ‘ಒಂದು, ಎರಡು, ಟಪ್, ನಾಲ್ಕು’ ಎಂದು ಎಣಿಸಿ ನೋಡಿ: ಕಿವಿಗೆ 70ರ ನಿಧಾನ ನಡೆ. ಮೂಲ ವೇಗ ಒಂದೇ ಆದ್ದರಿಂದ ಡಿಜೆಗಳು ಎರಡನ್ನೂ ಸಲೀಸಾಗಿ ಬೆರೆಸಿ ನುಡಿಸುತ್ತಿದ್ದರು. ಆಗ ಪರವಾನಗಿಯಿಲ್ಲದೆ ನಡೆಯುತ್ತಿದ್ದ ರಿನ್ಸ್ ಎಫ್‌ಎಂ ರೇಡಿಯೊ ಎರಡಕ್ಕೂ ಮನೆಯಾಗಿತ್ತು.