‘ವಿತ್’ ಅಂದರೆ ‘ಜೊತೆ’ ಆದರೆ ‘ವಿತ್‌ಸ್ಟ್ಯಾಂಡ್’ ಅಂದರೆ ‘ಎದುರು ನಿಲ್ಲು’ ಹೇಗೆ?

ನೀವು ಕೇಳಿರುವುದು ಎರಡು ಪ್ರಶ್ನೆ. ಇಂಗ್ಲಿಷಿನ ‘ವಿತ್’ಗೆ ‘ಜೊತೆ’ ಎಂಬ ಅರ್ಥವಿದ್ದರೆ ‘ವಿತ್‌ಸ್ಟ್ಯಾಂಡ್’ ಎಂಬುದಕ್ಕೆ ‘ಜೊತೆಗೆ ನಿಲ್ಲು’ ಎಂದಾಗದೆ ‘ಎದುರಿಸಿ ನಿಲ್ಲು’ ಎಂಬ ಅರ್ಥ ಯಾಕೆ ಬಂತು? ಮತ್ತು ‘ಹಿ ಫಾಟ್ ವಿತ್ ದ ಬ್ರಿಟಿಷ್’ ಎಂದರೆ ಆತ ಹೋರಾಡಿದ್ದು ಬ್ರಿಟಿಷರ ಕಡೆ ನಿಂತೋ, ಅವರ ವಿರುದ್ಧವೋ?

ನಾನು ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡುತ್ತೇನೆ. ಕೆಲವು ವರ್ಷಗಳ ಹಿಂದೆ ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಕಿರುಪರೀಕ್ಷೆಯಲ್ಲಿ ‘ವಿತ್‌ಸ್ಟ್ಯಾಂಡ್’ ಪದಕ್ಕೆ ‘ಜೊತೆಗೆ ನಿಲ್ಲು’ ಎಂದು ಬರೆದಿದ್ದಳು. ತಪ್ಪು ಹಾಕಿ ಕೊಟ್ಟೆ. ಅವಳು ಹಾಳೆ ಹಿಡಿದುಕೊಂಡು ಮೇಜಿನ ಹತ್ತಿರ ಬಂದು, ‘ವಿತ್ ಅಂದ್ರೆ ಜೊತೆ ಅಂತ ನೀವೇ ಹೇಳ್ಕೊಟ್ಟಿದ್ರಲ್ಲಾ ಸರ್’ ಅಂದಳು. ಅವಳ ತರ್ಕದಲ್ಲಿ ತಪ್ಪೇ ಇರಲಿಲ್ಲ. ಆವತ್ತಿನಿಂದ ಈ ಪುಟ್ಟ ಪದದ ಹಿಂದೆ ಬಿದ್ದು ಓದಿದ್ದನ್ನು ನಿಮಗೂ ಹೇಳುತ್ತೇನೆ.

ಮೊದಲು ನೇರ ಉತ್ತರ. ಸಾವಿರ ವರ್ಷದ ಹಿಂದಿನ ಇಂಗ್ಲಿಷಿನಲ್ಲಿ ಈ ಪದ ‘ವಿಥ್’ ಎಂದಿತ್ತು, ಅದರ ಮುಖ್ಯ ಅರ್ಥ ‘ಜೊತೆ’ ಆಗಿರಲಿಲ್ಲ. ಕನ್ನಡದಲ್ಲಿ ಅದಕ್ಕೆ ಸರಿಯಾಗಿ ಹೊಂದುವ ಪದ ‘ಎದುರು’. ನಮ್ಮ ‘ಎದುರು’ ಎಷ್ಟು ಕೆಲಸ ಮಾಡುತ್ತದೆ ನೋಡಿ. ‘ಎದುರು ಮನೆಯವರು’ ಅಂದರೆ ಹತ್ತಿರದವರು, ಸಕ್ಕರೆ ಕಡ ತರಲು ಹೋಗುವ ಮನೆಯವರು. ‘ಎದುರಾಳಿ’ ಅಂದರೆ ಸೋಲಿಸಬೇಕಾದವನು. ‘ಎದುರು ಕೂತು ಮಾತಾಡು’ ಅಂದರೆ ಮುಖಾಮುಖಿ. ಹಳೆಯ ‘ವಿಥ್’ ಈ ಮೂರೂ ಆಗಿತ್ತು. ‘ಜೊತೆ’ ಎನ್ನಲು ಆಗಿನ ಇಂಗ್ಲಿಷಿನಲ್ಲಿ ಬೇರೆಯೇ ಪದವಿತ್ತು, ‘ಮಿಡ್’. ಜರ್ಮನ್ನರ ‘ಮಿಟ್’, ಡಚ್ಚರ ‘ಮೆಟ್’, ಸ್ವೀಡನ್ನಿನವರ ‘ಮೆಡ್’ ಎಲ್ಲ ಅದರ ಅಣ್ಣತಮ್ಮಂದಿರು, ಇವತ್ತಿಗೂ ‘ಜೊತೆ’ ಎಂದೇ ಬಳಕೆಯಲ್ಲಿವೆ.

ಈಗ ನಿಮ್ಮ ‘ವಿತ್‌ಸ್ಟ್ಯಾಂಡ್’ ತಾನಾಗಿ ಬಿಡಿಸಿಕೊಳ್ಳುತ್ತದೆ: ವಿತ್ ಎಂದರೆ ಎದುರು, ಸ್ಟ್ಯಾಂಡ್ ಎಂದರೆ ನಿಲ್ಲು. ಕನ್ನಡದಲ್ಲಿ ನಾವು ಹೇಳುವುದೂ ‘ಎದುರು ನಿಲ್ಲು’ ಎಂದೇ. ‘ವಿತ್‌ಹೋಲ್ಡ್’ ತೆಗೆದುಕೊಳ್ಳಿ. ಹೋಲ್ಡ್ ಎಂದರೆ ಹಿಡಿ, ಅದಕ್ಕೆ ನಮ್ಮ ಪದ ‘ತಡೆಹಿಡಿ’. ‘ವಿತ್‌ಡ್ರಾ’ದಲ್ಲಿ ಡ್ರಾ ಎಂದರೆ ಎಳೆ, ವಿತ್‌ನ ಎದುರಿನ ಅರ್ಥ ಅಲ್ಲಿ ‘ಹಿಂದಕ್ಕೆ, ತನ್ನತ್ತ’ ಎಂದು ಸ್ವಲ್ಪ ವಾಲಿದೆ. ಚುನಾವಣೆಯಲ್ಲಿ ನಾಮಪತ್ರ ‘ಹಿಂತೆಗೆ’ಯುತ್ತಾರೆ, ಬ್ಯಾಂಕಿನಲ್ಲಿ ಹಣ ‘ಹಿಂಪಡೆ’ಯುತ್ತಾರೆ. ನಮ್ಮ ‘ಹಿಂ’ ಎಲ್ಲಿ ಕೂತಿದೆಯೋ ಅವರ ‘ವಿತ್’ ಅಲ್ಲೇ ಕೂತಿದೆ. ಒಂಟಿಯಾಗಿ ಓಡಾಡುವ ಪದ ಅರ್ಥ ಬದಲಿಸಿಕೊಂಡರೂ ಇನ್ನೊಂದಕ್ಕೆ ಅಂಟಿಕೊಂಡ ಪದ ಹಳೆಯ ಅರ್ಥವನ್ನೇ ಉಳಿಸಿಕೊಳ್ಳುವುದು ಹಲವು ಭಾಷೆಗಳಲ್ಲಿ ಇದೆ. ಸೋತು ಮರೆಯಾದ ‘ಮಿಡ್’ ಕೂಡ ಹೀಗೆಯೇ ಒಂದು ಮೂಲೆಯಲ್ಲಿ ಉಳಿದುಕೊಂಡಿದೆ. ಸೂಲಗಿತ್ತಿಯನ್ನು ಇಂಗ್ಲಿಷಿನಲ್ಲಿ ‘ಮಿಡ್‌ವೈಫ್’ ಎನ್ನುತ್ತಾರಲ್ಲ, ಅಲ್ಲಿ ‘ವೈಫ್’ ಎಂದರೆ ಹೆಂಡತಿಯಲ್ಲ, ಹೆಂಗಸು. ‘ಮಿಡ್’ ಎಂದರೆ ನಡುವೆಯಲ್ಲ, ಜೊತೆ. ಹೆರುವವಳ ಜೊತೆಗಿರುವ ಹೆಂಗಸು. ಆ ಕೆಲಸಕ್ಕೆ ಇದಕ್ಕಿಂತ ಒಳ್ಳೆಯ ಹೆಸರು ನನಗೆ ಹೊಳೆಯುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ‘ಎದುರು’ ಎಂಬ ಪದ ‘ಜೊತೆ’ ಆಗುವುದಾದರೂ ಹೇಗೆ ಎಂಬುದು ನಿಜವಾದ ಪ್ರಶ್ನೆ. ಅದಕ್ಕೆ ಉತ್ತರ ನನಗೆ ಒಂದು ಔಷಧಿಯ ಚೀಟಿಯಲ್ಲಿ ಸಿಕ್ಕಿತು.

ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿ ಹತ್ತನೇ ಶತಮಾನದ ಒಂದು ವೈದ್ಯ ಹಸ್ತಪ್ರತಿ ಇದೆ, ‘ಬಾಲ್ಡ್‌ನ ಲೀಚ್‌ಬುಕ್’ ಎಂದು ಅದರ ಹೆಸರು. ಲೀಚ್ ಎಂದರೆ ಅಲ್ಲಿ ವೈದ್ಯ. ಅದರಲ್ಲಿ ಕಣ್ಣಿಗೆ ಹಾಕುವ ಒಂದು ಲೇಪದ ವಿವರ ಇದೆ. ಈರುಳ್ಳಿ ಜಾತಿಯ ಒಂದು ಗಡ್ಡೆ ಮತ್ತು ಬೆಳ್ಳುಳ್ಳಿ ಸಮಸಮ ತೆಗೆದುಕೊಂಡು ಚೆನ್ನಾಗಿ ಜಜ್ಜಬೇಕು. ದ್ರಾಕ್ಷಾರಸದ ಮದ್ಯ ಮತ್ತು ಎತ್ತಿನ ಪಿತ್ತರಸ ಸಮಸಮ ತೆಗೆದು ಆ ಗಡ್ಡೆಯ ಜೊತೆ ಬೆರೆಸಬೇಕು. ಹಿತ್ತಾಳೆಯಂಥ ಪಾತ್ರೆಯಲ್ಲಿ ಒಂಬತ್ತು ರಾತ್ರಿ ಇಟ್ಟು, ಬಟ್ಟೆಯಲ್ಲಿ ಹಿಂಡಿ ಸೋಸಿ, ಕೊಂಬಿನೊಳಗೆ ತುಂಬಿಟ್ಟುಕೊಂಡು, ರಾತ್ರಿ ಹೊತ್ತು ಹಕ್ಕಿಯ ಗರಿಯಿಂದ ಕಣ್ಣಿಗೆ ಹಚ್ಚಬೇಕು. ‘ಅತ್ಯುತ್ತಮ ಔಷಧ’ ಎಂದು ಕೊನೆಗೆ ಬರೆದಿದೆ. (2015ರಲ್ಲಿ ನಾಟಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ಸೂಕ್ಷ್ಮಜೀವಿ ತಜ್ಞರೂ ಹಳೆ ಇಂಗ್ಲಿಷ್ ಪಂಡಿತೆ ಕ್ರಿಸ್ಟೀನಾ ಲೀ ಅವರೂ ಸೇರಿ ಇದನ್ನು ಬರೆದಿದ್ದಂತೆಯೇ ತಯಾರಿಸಿ ಪರೀಕ್ಷಿಸಿದರು. ಆಸ್ಪತ್ರೆಗಳನ್ನು ಕಾಡುವ, ಆಂಟಿಬಯಾಟಿಕ್‌ಗಳಿಗೆ ಬಗ್ಗದ ಎಂಆರ್‌ಎಸ್‌ಎ ಬ್ಯಾಕ್ಟೀರಿಯಾವನ್ನು ಪ್ರಯೋಗಾಲಯದಲ್ಲಿ ಅದು ಕೊಂದಿತು. ಓದಿದಾಗ ಮೈ ಜುಮ್ಮೆಂದಿತು.)

ನಮ್ಮ ಪದ ಈ ಚಿಕ್ಕ ಟಿಪ್ಪಣಿಯಲ್ಲಿ ಎರಡು ಸಲ ಬರುತ್ತದೆ. ಮೊದಲ ಸಾಲಿನಲ್ಲೇ ‘ವಿಥ್ ವೆನ್ನೆ’ ಎಂದಿದೆ. ವೆನ್ ಎಂದರೆ ಕುರು, ಇಲ್ಲಿ ರೆಪ್ಪೆಯ ಮೇಲಿನ ಕುರು ಎಂದು ಓದುತ್ತಾರೆ. ಇವತ್ತಿನ ಇಂಗ್ಲಿಷ್ ಹಿಡಿದುಕೊಂಡು ಹೋದವನಿಗೆ ‘ಕುರುವಿನ ಜೊತೆ ಲೇಪ ಮಾಡು’ ಎಂದು ಕಾಣುತ್ತದೆ. ಬರೆದವನು ಹೇಳಿದ್ದು ‘ಕುರುವಿಗೆ ಎದುರಾಗಿ’ ಎಂದು. ಆ ಕಾಲದ ಮದ್ದು, ಮಂತ್ರಗಳೆಲ್ಲ ಹೀಗೇ ಶುರುವಾಗುತ್ತವೆ: ತಲೆನೋವಿಗೆ ಎದುರಾಗಿ, ಹಾವಿನ ವಿಷಕ್ಕೆ ಎದುರಾಗಿ. ಎರಡನೇ ಸಲ, ಪಿತ್ತರಸವನ್ನು ಗಡ್ಡೆಯ ‘ವಿಥ್’ ಬೆರೆಸು ಎನ್ನುವಾಗ ಬರುತ್ತದೆ. ಇಲ್ಲಿ ಆಗಲೇ ‘ಜೊತೆ’ಯ ವಾಸನೆ! ಎರಡು ವಸ್ತುಗಳನ್ನು ಒಂದಕ್ಕೊಂದು ಎದುರಾಗಿಸಿ ಕಲಸಿದರೆ ಅವು ಕೂಡಿಕೊಳ್ಳುತ್ತವೆ ತಾನೇ? ಇನ್ನು ಗರಿಯಿಂದ ಹಚ್ಚು ಎನ್ನುವಲ್ಲಿ ‘ಮಿಡ್ ಫೆಥ್ರೆ’ ಎಂದಿದೆ, ಈಗಾದರೆ ‘ವಿತ್ ಎ ಫೆದರ್’ ಎನ್ನುತ್ತಾರೆ. ಸೋಲಲಿರುವ ಪದ, ಗೆಲ್ಲಲಿರುವ ಪದ, ಗೆಲ್ಲಲಿರುವ ಪದದ ಹಳೆಯ ಅರ್ಥ ಮತ್ತು ಹೊಸ ಅರ್ಥ, ಎಲ್ಲವೂ ಒಂದೇ ಮದ್ದಿನ ಚೀಟಿಯಲ್ಲಿ.

ಇನ್ನೊಂದು ಸಾಕ್ಷಿ ಯುದ್ಧದ್ದು. ಇಂಗ್ಲಿಷರ ಹಳೆಯ ವಾರ್ಷಿಕ ದಾಖಲೆ ‘ಆಂಗ್ಲೋ ಸ್ಯಾಕ್ಸನ್ ಕ್ರಾನಿಕಲ್’ನಲ್ಲಿ 865ನೇ ಇಸವಿಯ ಕೆಳಗೆ ಒಂದು ವಾಕ್ಯ ಇದೆ. ಡೆನ್ಮಾರ್ಕಿನ ಕಡೆಯಿಂದ ದಾಳಿಗೆ ಬಂದ ಡೇನರ ಸೈನ್ಯ ಥಾನೆಟ್ ದ್ವೀಪದಲ್ಲಿ ಬೀಡುಬಿಟ್ಟು ಕೆಂಟ್ ಸೀಮೆಯವರ ‘ವಿಥ್’ ಸಂಧಿ ಮಾಡಿಕೊಂಡಿತು. ಕೆಂಟ್‌ನವರು ಆ ಸಂಧಿಯ ‘ವಿಥ್’ ಹಣ ಕೊಡುವುದಾಗಿ ಮಾತು ಕೊಟ್ಟರು. ಮೊದಲ ವಿಥ್‌ಗೆ ‘ಜೊತೆ’ ಎನ್ನಬಹುದು, ಆದರೆ ಎಂಥ ಜೊತೆ! ಕತ್ತಿ ಹಿಡಿದು ಎದುರು ನಿಂತವರ ಜೊತೆ. ಎರಡನೆಯದು ‘ಪ್ರತಿಯಾಗಿ’. ನಮ್ಮ ‘ಪ್ರತಿ’ಯಲ್ಲೂ ಇದೇ ಗಂಟು ಇದೆ: ‘ಪ್ರತಿಸ್ಪರ್ಧಿ’ ಎದುರಿನವನು, ‘ಪ್ರತಿಫಲ’ ಬದಲಿಗೆ ಸಿಗುವುದು. ಅಂದಹಾಗೆ ಆ ಸಂಧಿ ಉಳಿಯಲಿಲ್ಲ. ಸೈನ್ಯ ರಾತ್ರೋರಾತ್ರಿ ನುಸುಳಿ ಬಂದು ಪೂರ್ವ ಕೆಂಟನ್ನು ಸೂರೆ ಮಾಡಿತು ಎಂದು ವಾಕ್ಯ ಮುಗಿಯುತ್ತದೆ. ಆರು ವರ್ಷದ ನಂತರ, 871ರ ಕೆಳಗೆ, ಎಥೆಲ್‌ರೆಡ್ ದೊರೆಯೂ ಅವನ ತಮ್ಮ ಆಲ್ಫ್ರೆಡನೂ ರೆಡಿಂಗ್‌ನಲ್ಲಿ ಡೇನರ ಸೈನ್ಯದ ‘ವಿಥ್’ ಕಾದಿದರು ಎಂದಿದೆ. ಅಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ, ವಿರುದ್ಧ ಕಾದಿದರು.

ಜಗಳ, ಚೌಕಾಸಿ, ಸಂಧಿ, ವಾದ, ಮಾತುಕತೆ: ಇವೆಲ್ಲ ಎದುರಿನಲ್ಲಿ ಇನ್ನೊಬ್ಬರಿಲ್ಲದೆ ನಡೆಯುವಂಥವಲ್ಲ. ಎದುರಿನವನು ವೈರಿಯೋ ಪಾಲುದಾರನೋ ಎಂಬುದು ಕ್ರಿಯಾಪದದಿಂದ ಗೊತ್ತಾಗುತ್ತದೆ. ‘ವಿಥ್’ ಈ ಬಾಗಿಲಿನಿಂದಲೇ ಒಳಗೆ ಬಂತು. ಅದಕ್ಕೆ ಹೊರಗಿನ ಒತ್ತಾಸೆಯೂ ಇತ್ತು. ಇಂಗ್ಲೆಂಡಿನ ಉತ್ತರ ಮತ್ತು ಪೂರ್ವದಲ್ಲಿ ನೆಲೆಸಿದ ಡೇನರ ಭಾಷೆಯಲ್ಲಿ ಇದೇ ಪದಕ್ಕೆ ವಿರುದ್ಧ, ಜೊತೆ, ಹತ್ತಿರ ಎಂಬೆಲ್ಲ ಅರ್ಥಗಳಿದ್ದವು. ಪಾದ್ರಿಗಳು ಓದುತ್ತಿದ್ದ ಲ್ಯಾಟಿನ್ನಿನಲ್ಲೂ ‘ಜೊತೆ’ ಎಂಬ ಪದವನ್ನೇ ಹಾಕಿ ‘ಕಾದಾಡು’ ಎನ್ನುವ ರೂಢಿ ಇತ್ತು. ನಮ್ಮಲ್ಲೂ ಇದೆಯಲ್ಲ: ‘ವೈರಿಯೊಡನೆ ಕಾದಾಡಿದ’, ‘ಅತ್ತೆ ಜೊತೆ ಜಗಳ ಆಡಿದಳು’. ನಾವು ಜೊತೆಯ ಪದವನ್ನು ಜಗಳಕ್ಕೆ ಒಯ್ದೆವು, ಅವರು ಜಗಳದ ಪದವನ್ನು ಜೊತೆಗೆ ತಂದರು. ಹನ್ನೆರಡನೇ ಶತಮಾನದಿಂದ ‘ಮಿಡ್’ ಹಿಂದೆ ಸರಿಯುತ್ತಾ ಹೋಗಿ, 1400ರಲ್ಲಿ ಕವಿ ಚಾಸರ್ ತೀರಿಕೊಳ್ಳುವ ಹೊತ್ತಿಗೆ ಬಹುಮಟ್ಟಿಗೆ ಬಳಕೆ ತಪ್ಪಿತ್ತು. ‘ಚಾಕುವಿನಿಂದ ಕೊಯ್ಯು’ ಎಂಬಲ್ಲಿನ ನಮ್ಮ ತೃತೀಯಾ ವಿಭಕ್ತಿಯ ಕೆಲಸವನ್ನೂ ‘ವಿತ್’ ವಹಿಸಿಕೊಂಡಿತು. ಒಂದು ಕಾಲಕ್ಕೆ ಇನ್ನೂ ಮುಂದೆ ಹೋಗಿ, ಈಗ ‘ಬೈ’ ಹಾಕುವ ಕಡೆಯೂ ಕೂತಿತ್ತು. ಶೇಕ್ಸ್‌ಪಿಯರ್‌ನ ‘ದ ವಿಂಟರ್ಸ್ ಟೇಲ್’ನಲ್ಲಿ ಒಬ್ಬನನ್ನು ಕರಡಿ ಸೀಳಿಹಾಕಿತು ಎನ್ನಲು ‘ವಿತ್ ಎ ಬೇರ್’ ಎಂದಿದೆ. ಕರಡಿಯ ಜೊತೆಗಲ್ಲ, ಕರಡಿಯಿಂದ.

ಈ ಪದದ ಬೇರು ನಮ್ಮ ಅಂಗಳದವರೆಗೂ ಬಂದಿದೆ. ಅದನ್ನು ತಿಳಿದ ದಿನ ನನಗಾದ ಸಂತೋಷ ಅಷ್ಟಿಷ್ಟಲ್ಲ. ವಿಯೋಗ, ವಿಭಾಗ, ವಿಚ್ಛೇದನ ಎಂದು ಸಂಸ್ಕೃತದಿಂದ ಬಂದ ಪದಗಳಲ್ಲಿ ‘ವಿ’ ಇದೆಯಲ್ಲ, ‘ಬೇರೆಯಾಗಿ’ ಎಂಬ ಅರ್ಥದ್ದು, ‘ವಿತ್’ ಅದರ ದಾಯಾದಿ. ಆ ‘ವಿ’ಗೆ ಗುರುತರ, ಉಚ್ಚತರ ಎಂಬಲ್ಲಿನ ‘ತರ’ ಸೇರಿದರೆ ‘ಇನ್ನೂ ದೂರ’ ಎಂದಾಗುತ್ತದೆ. ವೇದದ ಭಾಷೆಯಲ್ಲಿ ‘ವಿತರಂ’ ಎಂದೇ ಸಿಗುತ್ತದೆ. ಅದೇ ಜೋಡಣೆ ಅತ್ತ ಯುರೋಪಿನ ಕಡೆ ಹೋಗಿ ಜರ್ಮನ್ನಿನಲ್ಲಿ ‘ವಿರುದ್ಧ’ ಎಂಬರ್ಥದ ‘ವೀಡರ್’ ಆಯಿತು, ಇಂಗ್ಲಿಷಿನಲ್ಲಿ ‘ವಿಥ್’ ಆಯಿತು. (ನಮ್ಮ ‘ವಿತರಣೆ’ಗೂ ಇದಕ್ಕೂ ಸಂಬಂಧವಿಲ್ಲ, ಅದು ‘ದಾಟು’ ಎಂಬ ಧಾತುವಿನದು.) ವಿಯೋಗದ ‘ವಿ’ಯಿಂದ ಹೊರಟ ಪದ ಸಹಯೋಗದ ಪದವಾಗಿ ಬಂದು ನಿಂತಿದೆ.

‘ವಿತೌಟ್’ ಬಗ್ಗೆ ನೀವು ಕೇಳಿಲ್ಲ, ಆದರೂ ಹೇಳದೆ ಮುಂದೆ ಹೋಗಲು ಮನಸ್ಸಿಲ್ಲ. ‘ವಿತ್’ ಇರುವುದು ಜೊತೆ, ‘ಔಟ್’ ಆದರೆ ಜೊತೆ ಇಲ್ಲ ಎಂದು ನಾನೂ ಅಂದುಕೊಂಡಿದ್ದೆ. ಹಾಗಲ್ಲ. ಅದರ ಹಳೆಯ ಅರ್ಥ ಬರೀ ‘ಹೊರಗಡೆ’, ಅದರ ಜೋಡಿ ‘ವಿದಿನ್’ ಎಂದರೆ ‘ಒಳಗಡೆ’. ಲಂಡನ್ನಿನ ಹಳೆ ಕೋಟೆಗೋಡೆಯ ಆಚೆಗಿರುವ ಒಂದು ಚರ್ಚಿನ ಹೆಸರು ಇಂದಿಗೂ ‘ಸೇಂಟ್ ಬಾಟೊಲ್ಫ್ ವಿತೌಟ್ ಬಿಷಪ್ಸ್‌ಗೇಟ್’. ಬಿಷಪ್ಸ್‌ಗೇಟ್ ಇಲ್ಲದ ಚರ್ಚಲ್ಲ, ಆ ಬಾಗಿಲಿನ ಹೊರಗಿನ ಚರ್ಚು. 1795ರಲ್ಲಿ ಕವಿ ಜಾನ್ ಕೀಟ್ಸ್‌ಗೆ ದೀಕ್ಷಾಸ್ನಾನ ಆದದ್ದು ಅಲ್ಲೇ. ಲಂಡನ್ ನಗರದ ಫ್ಯಾರಿಂಗ್‌ಡನ್ ಎಂಬ ವಾರ್ಡನ್ನು 1394ರಲ್ಲಿ ಎರಡು ಮಾಡಿದಾಗ ಗೋಡೆಯ ಒಳಗಿನದು ‘ಫ್ಯಾರಿಂಗ್‌ಡನ್ ವಿದಿನ್’, ಹೊರಗಿನದು ‘ಫ್ಯಾರಿಂಗ್‌ಡನ್ ವಿತೌಟ್’ ಆಯಿತು. ಆ ವಾರ್ಡುಗಳು ಈಗಲೂ ಇವೆ. ಹೊರಗಿರುವುದು ಕೈಗೆ ಸಿಗದು, ಹಾಗಾಗಿ ‘ಹೊರಗೆ’ ಮೆಲ್ಲಗೆ ‘ಇಲ್ಲದೆ’ ಆಯಿತು. ಕನ್ನಡದ ‘ಹೊರ’ದಿಂದ ‘ಹೊರತು’ ಬಂದ ದಾರಿಯೂ ಇದೇ. ‘ನಿನ್ನ ಹೊರತು ಯಾರಿದ್ದಾರೆ ನನಗೆ’ ಎನ್ನುವಾಗ ನಾವು ಹೊರಗು ಒಳಗಿನ ಲೆಕ್ಕವನ್ನೇ ಹಾಕುತ್ತಿರುತ್ತೇವೆ.

ಇನ್ನು ‘ಹಿ ಫಾಟ್ ವಿತ್ ದ ಬ್ರಿಟಿಷ್’. 865ರ ಇಂಗ್ಲಿಷಿನವನಿಗೆ ಇದು ಒಗಟೇ ಅಲ್ಲ, ಬ್ರಿಟಿಷರ ಎದುರು ಹೋರಾಡಿದ ಎಂದಷ್ಟೇ. ಇವತ್ತು ಎರಡೂ ಅರ್ಥ ಜೀವಂತವಾಗಿವೆ. ಎರಡನೇ ಮಹಾಯುದ್ಧದಲ್ಲಿ ಸುಮಾರು 25 ಲಕ್ಷ ಭಾರತೀಯರು ಬ್ರಿಟಿಷ್ ಇಂಡಿಯಾದ ಸೈನ್ಯದಲ್ಲಿದ್ದರು. ಅದೇ ಯುದ್ಧದಲ್ಲಿ ಸುಭಾಷ್‌ಚಂದ್ರ ಬೋಸರ ಆಜಾದ್ ಹಿಂದ್ ಫೌಜು 1944ರಲ್ಲಿ ಇಂಫಾಲದ ಕಡೆಗೆ, ಬ್ರಿಟಿಷರ ಮೇಲೆ ನುಗ್ಗಿತು. ಇಬ್ಬರ ಬಗ್ಗೆಯೂ ಈ ಒಂದೇ ವಾಕ್ಯ ಬರೆಯಬಹುದು, ವ್ಯಾಕರಣ ಎಲ್ಲೂ ತಪ್ಪುವುದಿಲ್ಲ. ಹಿಂದೆ ಮುಂದೆ ಇರುವ ವಾಕ್ಯಗಳೇ ಅರ್ಥ ಹೇಳಬೇಕು. ನೀವೇ ಬರೆಯುವುದಾದರೆ ಕಡೆ ನಿಂತವರಿಗೆ ‘ಅಲಾಂಗ್‌ಸೈಡ್’, ಎದುರು ನಿಂತವರಿಗೆ ‘ಅಗೇನ್ಸ್ಟ್’ ಹಾಕಿ. ಅಂದು ನಾನು ತಪ್ಪು ಹಾಕಿ ಕೊಟ್ಟ ಹುಡುಗಿಗೆ, ಇದನ್ನೆಲ್ಲ ಓದಿದ ಮೇಲೆ, ಮದ್ದಿನ ಚೀಟಿಯ ಕಥೆಯನ್ನು ಕೂರಿಸಿಕೊಂಡು ಹೇಳಿದೆ. ಅವಳು ನೋಟ್‌ಬುಕ್ಕಿನ ಅಂಚಿನಲ್ಲಿ ‘ವಿತ್ = ಎದುರು (ಹಳೇದು)’ ಎಂದು ಬರೆದುಕೊಂಡು, ‘ಹಾಗಾದ್ರೆ ವಿತ್‌ಹೋಲ್ಡ್ ಅಂದ್ರೆ ಎದುರು ಹಿಡಿಯೋದಾ ಸರ್?’ ಎಂದು ತಾನೇ ಮುಂದಿನದಕ್ಕೆ ಕೈ ಹಾಕಿದಳು.