ಪುಸ್ತಕದ ನಾಲ್ಕು ಪುಟ ಬಿಡುವುದಿಲ್ಲ

ಓದುಗರ ಪತ್ರ: "ಸಂಪಾದಕರೇ, ನಾನು ಹಾಸನದ ವಿದ್ಯಾನಗರದವನು. ಕೆಲಸ ಬೆಂಗಳೂರಿನಲ್ಲಿ. ಶುಕ್ರವಾರ ಸಂಜೆ ಯಶವಂತಪುರದಲ್ಲಿ ರೈಲು ಹತ್ತಿ ಊರಿಗೆ ಬರುತ್ತೇನೆ. ಮೊನ್ನೆ ಇಡೀ ಬೋಗಿ ಓಡಾಡಿ ನೋಡಿದೆ, ಒಬ್ಬರ ಕೈಯಲ್ಲೂ ಪುಸ್ತಕ ಇರಲಿಲ್ಲ. ಎಲ್ಲರೂ ಮೊಬೈಲಿನಲ್ಲೇ ಮುಳುಗಿದ್ದರು. ಸಿಟಿಯಲ್ಲಿ ಯಾರಿಗೂ ಪುರುಸೊತ್ತಿಲ್ಲ ಸಾರ್. ಈಗ ಹಾಸನವೂ ಹಾಗೇ ಆಗಿದೆ. ಹೀಗಿರುವಾಗ ಪ್ರತಿ ತಿಂಗಳು ಪುಸ್ತಕ ಪರಿಚಯಕ್ಕೆ ನಾಲ್ಕು ಪುಟ ಯಾಕೆ? ಆ ಜಾಗದಲ್ಲಿ ಆರೋಗ್ಯ, ಉಳಿತಾಯದ ವಿಷಯ ಕೊಡಿ."

ಪ್ರಿಯ ಓದುಗರೇ,

ಎರಡು ಹಾಳೆ ತುಂಬ ಕೈಬರಹದಲ್ಲಿ, ಒಂದು ಕಡೆಯೂ ಹೊಡೆದುಹಾಕದೆ ಬರೆದಿದ್ದೀರಿ. ಮೇಲೆ ಕೊಟ್ಟಿದ್ದು ಅದರ ಸಾರ ಮಾತ್ರ. ಹೀಗೆ ಬರೆಯುವವರು ಓದಿನಿಂದ ದೂರ ಇರುವವರಾಗಲು ಸಾಧ್ಯವೇ ಇಲ್ಲ. ಅದಕ್ಕೇ ನಿಮ್ಮ ಜೊತೆ ಸ್ವಲ್ಪ ಜಗಳ ಆಡೋಣ ಅನಿಸಿತು.

ನಿಮ್ಮ ಮಾತಿನಲ್ಲಿ ನಿಜ ಇಲ್ಲದಿಲ್ಲ. ಟ್ರಾಫಿಕ್ಕಿನಲ್ಲಿ ಬೆಂದು, ಆಫೀಸಿನಲ್ಲಿ ದಣಿದು ರಾತ್ರಿ ಮನೆಗೆ ಬಂದವರಿಗೆ ಮುನ್ನೂರು ಪುಟದ ಕಾದಂಬರಿ ಹಿಡಿಯಿರಿ ಅನ್ನಲು ನನಗೂ ಬಾಯಿ ಬರುವುದಿಲ್ಲ. ಮೊಬೈಲಿನಲ್ಲೇ ಕಥೆ ಕೇಳುವವರಿದ್ದಾರೆ, ಕೇಳಲಿ. ಅಷ್ಟು ಸರಿ.

ಆದರೆ ಪುರುಸೊತ್ತಿಲ್ಲ ಅನ್ನುವ ಮಾತನ್ನು ಮಾತ್ರ ಒಪ್ಪಲಾರೆ. ನಿಮ್ಮ ರೈಲು ಹಾಸನ ಮುಟ್ಟಲು ಮೂರು ಗಂಟೆ ಹತ್ತಿರ ಬೇಕು. ಅಷ್ಟು ಹೊತ್ತು ಒಂದೇ ಕಡೆ ಕೂತಿದ್ದ ಜನರಿಗೆ ಪುರುಸೊತ್ತು ಇರಲಿಲ್ಲವಾ? ಹತ್ತುವ ಮೊದಲು ನೀರಿನ ಬಾಟಲಿ, ಚಿಪ್ಸು ಕೊಂಡಿರುತ್ತೀರಿ ಅಲ್ವಾ? ಅಲ್ಲೇ ಪಕ್ಕದಲ್ಲಿ ಒಂದು ಕನ್ನಡ ಕಥೆ ಪುಸ್ತಕ ಕಣ್ಣಿಗೆ ಬಿತ್ತಾ? ನನ್ನ ತಕರಾರು ಇರುವುದೇ ಇಲ್ಲಿ. ಓದುವ ಜನ ಇದ್ದಾರೆ. ಅವರ ಕೈಗೆ ಎಟುಕುವ ಕಡೆ ನಾವು ಪುಸ್ತಕ ಇಟ್ಟಿಲ್ಲ.

ಬೆಂಗಳೂರನ್ನೇ ನೋಡಿ. 2023ರಿಂದ ಕಬ್ಬನ್ ಪಾರ್ಕಿನಲ್ಲಿ ಶನಿವಾರ ಬಂತೆಂದರೆ ಜನ ಚಾಪೆ ಹಾಸಿ ಕೂತು ಸದ್ದಿಲ್ಲದೆ ಓದುತ್ತಾರೆ. 2025ರ ಫೆಬ್ರವರಿ ಕೊನೆಗೆ ವಿಧಾನಸೌಧದ ಆವರಣದಲ್ಲೇ ಪುಸ್ತಕ ಮೇಳ ನಡೆಯಿತು. ಜನ ಮಕ್ಕಳನ್ನು ಕಟ್ಟಿಕೊಂಡು ಬಂದರು. ಇವರೆಲ್ಲ ನಿಮ್ಮ ಹಾಗೇ ಸಿಗ್ನಲ್ಲಿನಲ್ಲಿ ನಿಂತು ಒದ್ದಾಡುವವರೇ.

ನಮ್ಮೂರಿಗೆ ಬನ್ನಿ. 2025ರ ಮೇ ತಿಂಗಳಲ್ಲಿ ಹಾಸನದ ವಕೀಲೆ ಬಾನು ಮುಷ್ತಾಕ್ ಅವರಿಗೆ ಅಂತರರಾಷ್ಟ್ರೀಯ ಬೂಕರ್ ಪ್ರಶಸ್ತಿ ಬಂತು. ಆ ವಾರ ನಮ್ಮ ಕಚೇರಿಯ ಫೋನು ಸುಮ್ಮನಿರಲಿಲ್ಲ. ಬಹಳ ಜನ ಕೇಳಿದ್ದು ಒಂದೇ ಪ್ರಶ್ನೆ: ಅವರ ಪುಸ್ತಕ ಇಲ್ಲಿ ಎಲ್ಲಿ ಸಿಗುತ್ತೆ? ಕೇಳಿದವರಲ್ಲಿ ಗೊಬ್ಬರದ ಅಂಗಡಿಯವರಿದ್ದರು, ನರ್ಸಿಂಗ್ ಓದುವ ಹುಡುಗಿಯರಿದ್ದರು. ಇವರನ್ನು ಓದುಗರ ಲೆಕ್ಕಕ್ಕೆ ಯಾರಾದರೂ ಹಿಡಿದಿದ್ದರಾ?

ನಮ್ಮ ಬೀದಿಯಲ್ಲಿ ಒಬ್ಬ ಹೆಣ್ಣುಮಗಳು ಬ್ಲೌಸ್ ಹೊಲಿಯುತ್ತಾರೆ. ಅಳತೆ ಕೊಡಲು ಬಂದವರು ಕಾಯುವಾಗ ತಿರುವಿಹಾಕಲಿ ಅಂತ ಬೆಂಚಿನ ಮೇಲೆ ನಾಲ್ಕಾರು ಹಳೆಯ ಕಾದಂಬರಿ ಇಟ್ಟರು. ಒಬ್ಬರು ಅರ್ಧಕ್ಕೆ ಬಿಡಲಾರದೆ ಮನೆಗೆ ಒಯ್ದರು. ಬ್ಲೌಸ್ ತೆಗೆದುಕೊಂಡು ಹೋಗಲು ಬಂದಾಗ ವಾಪಸ್ ತಂದರು. ಈಗ ಅದೇ ಪದ್ಧತಿ ಆಗಿದೆ. ಅಳತೆ ಬರೆಯುವ ನೋಟ್‌ಬುಕ್ಕಿನಲ್ಲಿ ತೋಳುದ್ದ, ಭುಜ, ಸುತ್ತಳತೆ ಬರೆದ ಮೇಲೆ ಅದರ ಕೆಳಗೇ ಪುಸ್ತಕದ ಹೆಸರು. ಮೊನ್ನೆ ನನ್ನನ್ನು ನಿಲ್ಲಿಸಿ, "ಸಾರ್, ಇದರ ಎರಡನೇ ಭಾಗ ನಿಮ್ಮತ್ರ ಇದ್ರೆ ಕೊಡಿ, ಮೂರು ಜನ ಕಾಯ್ತಿದಾರೆ" ಅಂದರು. ಆ ಮೂವರಿಗೂ ಮನೆ, ಅಡುಗೆ, ಮಕ್ಕಳು ಎಲ್ಲ ಇವೆ.

ಇದೇನು ಹೊಸದಲ್ಲ. ಕಳೆದ ಶತಮಾನದ ಆರಂಭದಲ್ಲಿ ಕಾದಂಬರಿಕಾರ ಗಳಗನಾಥರು ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರು. ಆಗ ಅಕ್ಷರ ಬಲ್ಲವರೇ ಕಡಿಮೆ. ಆದರೂ ಜನ ಕೊಂಡರು, ಪುಸ್ತಕ ಮನೆ ಬಾಗಿಲಿಗೇ ಬಂದಿತ್ತು. ನಮ್ಮ ಕಾಲದಲ್ಲಿ ಪಾಂಡವಪುರದ ಹತ್ತಿರ ಹರಳಹಳ್ಳಿಯ ಅಂಕೇಗೌಡರಿದ್ದಾರೆ. ಬಸ್ ಕಂಡಕ್ಟರ್ ಆಗಿದ್ದವರು. ಲಕ್ಷಾಂತರ ಪುಸ್ತಕ ಕೂಡಿಸಿ, ಯಾರು ಬೇಕಾದರೂ ಬಂದು ಓದಲಿ ಅಂತ ಇಟ್ಟಿದ್ದಾರೆ. ಒಬ್ಬ ಮನುಷ್ಯ ಇಷ್ಟು ಮಾಡಬಹುದಾದರೆ, ತೆರಿಗೆ ವಸೂಲಿ ಮಾಡುವವರು ಎಷ್ಟು ಮಾಡಬೇಕು?

ತೆರಿಗೆ ಅಂದೆ. ನಿಮ್ಮ ತಂದೆಯವರ ಹತ್ತಿರ ಮನೆ ಕಂದಾಯದ ರಸೀದಿ ಇರುತ್ತದೆ, ತೆಗೆದು ನೋಡಿ. ಆಸ್ತಿ ತೆರಿಗೆಯ ಜೊತೆ ಬೇರೆ ಕರಗಳೂ ಸೇರಿರುತ್ತವೆ. ಅದರಲ್ಲಿ ಗ್ರಂಥಾಲಯ ಕರ ಒಂದು, ತೆರಿಗೆಯ ಶೇ 6ರಷ್ಟು. ಸಾವಿರ ರೂಪಾಯಿ ತೆರಿಗೆ ಕಟ್ಟಿದರೆ ಅದರ ಮೇಲೆ 60 ರೂಪಾಯಿ ಪುಸ್ತಕಕ್ಕೆ ಅಂತಲೇ ಕಟ್ಟಿದ್ದೀರಿ. 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ ಬಂದ ಕರ ಇದು. ಓದುವವರು, ಓದದವರು ಎಲ್ಲರೂ ಕಟ್ಟುತ್ತಾರೆ. ಹೀಗೆ ವಸೂಲಾದ ಹಣ ಗ್ರಂಥಾಲಯಗಳಿಗೆ ಪೂರ್ತಿ ಸೇರದೆ ಬಾಕಿ ಉಳಿದ ಸುದ್ದಿ ಪೇಪರಿನಲ್ಲಿ ಆಗಾಗ ಬರುತ್ತದೆ. ಒಬ್ಬರಾದರೂ ಬೀದಿಗಿಳಿದಿದ್ದು ನಾನು ನೋಡಿಲ್ಲ. ನಲ್ಲಿಯಲ್ಲಿ ಎರಡು ದಿನ ನೀರು ಬರದಿದ್ದರೆ ಕೊಡ ಹಿಡಿದು ಹೋಗುತ್ತೇವೆ.

ನಾನು ಬಲ್ಲ ಒಂದು ಗ್ರಂಥಾಲಯವಿದೆ. ಹೆಸರು ಬೇಡ. ಅಲ್ಲೊಂದು ಹಳೆಯ ಕಾದಂಬರಿಯ ಕೊನೆಯ ಪುಟಕ್ಕೆ ಅಂಟಿಸಿದ ದಿನಾಂಕದ ಚೀಟಿ ನೋಡಿದೆ. ನೇರಳೆ ಶಾಯಿಯ ಮುದ್ರೆಗಳು ಒಂದರ ಮೇಲೊಂದು ಬಿದ್ದಿದ್ದವು. ಜಾಗ ಸಾಲದೆ ಮೇಲೊಂದು ಚೀಟಿ ಅಂಟಿಸಿದ್ದರು. ಆ ಎರಡನೇ ಚೀಟಿಯಲ್ಲಿ ಮುದ್ರೆ ಅರ್ಧಕ್ಕೇ ನಿಂತಿತ್ತು. ಯಾಕೆ ಅಂತ ಸಿಬ್ಬಂದಿಯನ್ನು ಕೇಳಿದೆ. ಕಳವಾಗುತ್ತೆ ಅಂತ ಕಾದಂಬರಿಗಳನ್ನೆಲ್ಲ ಕಬ್ಬಿಣದ ಬೀರುವಿಗೆ ಸೇರಿಸಿ ಬೀಗ ಹಾಕಿದ್ದು ಆ ವರ್ಷವೇ ಅಂದರು. ಓದುಗರು ಕಡಿಮೆಯಾದರು ಅಂತ ವರದಿ ಬರೆದವರು ಆ ಬೀಗದ ವಿಷಯ ಬರೆದಿರುತ್ತಾರಾ?

ಅದೇ ಕಟ್ಟಡದ ಓದುವ ಕೋಣೆಯಲ್ಲಿ ಕೂರಲು ಕುರ್ಚಿ ಸಿಗುವುದಿಲ್ಲ. ಪಿಡಿಒ, ಪಿಎಸ್‌ಐ ಪರೀಕ್ಷೆಗೆ ತಯಾರಾಗುವ ಹುಡುಗ ಹುಡುಗಿಯರು ಬೆಳಿಗ್ಗೆಯೇ ಡಬ್ಬಿ ಕಟ್ಟಿಕೊಂಡು ಬಂದು ಕೂತಿರುತ್ತಾರೆ. ದಿನವಿಡೀ ಓದುವ ಈ ಮಕ್ಕಳು ತಲೆ ಬಿಸಿಯಾದಾಗ ಎದ್ದು ಹೋಗಿ ಒಂದು ಕಥೆ ಓದೋಣ ಅಂದರೆ ಎದುರಿಗೆ ಬೀಗ. ಇನ್ನು ನಿಮ್ಮಂಥ ದುಡಿಯುವ ಜನ ಕೆಲಸ ಮುಗಿಸಿ ಹೋಗುವ ಹೊತ್ತಿಗೆ ಬಾಗಿಲೇ ಹಾಕಿರುತ್ತದೆ.

ಈ ವಿಷಯದಲ್ಲಿ ಹಳ್ಳಿಗಳೇ ವಾಸಿ. ಪಂಚಾಯಿತಿ ಗ್ರಂಥಾಲಯಗಳನ್ನು 2019ರಲ್ಲಿ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಒಪ್ಪಿಸಿದರು. ಮರುವರ್ಷ 'ಓದುವ ಬೆಳಕು' ಕಾರ್ಯಕ್ರಮ ಶುರುವಾಗಿ 6ರಿಂದ 18 ವರ್ಷದ ಮಕ್ಕಳಿಗೆ ಉಚಿತ ಸದಸ್ಯತ್ವ ಬಂತು. ಕಾರ್ಡು ಹಿಡಿದು ಓಡಿ ಬರುವ ಹಳ್ಳಿ ಮಕ್ಕಳನ್ನು ನೋಡಿದರೆ ಹೊಟ್ಟೆ ತಣ್ಣಗಾಗುತ್ತದೆ. ಸಿಟಿ ಬಡಾವಣೆಯ ಮಕ್ಕಳು ಏನು ಪಾಪ ಮಾಡಿದ್ದಾರೆ?

ಪ್ರಕಾಶಕರ ಮೇಲೂ ನನಗೆ ಕೋಪವಿದೆ. ಗ್ರಂಥಾಲಯಗಳಿಗೆ ಅಂತ ಮಾಡುವ ಸಗಟು ಖರೀದಿಯಲ್ಲಿ ಸರ್ಕಾರ 300 ಪ್ರತಿ ಕೊಂಡರೆ ಸಾಕು, ಪುಟಕ್ಕಿಷ್ಟು ಅಂತ ದುಡ್ಡು ಬಂದರೆ ಸಾಕು ಅನ್ನುವವರು ಜಾಸ್ತಿ ಆಗಿದ್ದಾರೆ. ಅಂಥವರು ಓದುಗರ ಮುಖ ನೋಡುವುದನ್ನೇ ಬಿಟ್ಟಿದ್ದಾರೆ. 2021ರಲ್ಲಿ ಸರ್ಕಾರ ಹಾರ ತುರಾಯಿ ಬೇಡ, ಕನ್ನಡ ಪುಸ್ತಕ ಕೊಡಿ ಅಂತ ಆದೇಶ ಮಾಡಿತು. ಒಳ್ಳೆಯ ಆದೇಶ. ಆದರೆ ವೇದಿಕೆ ಮೇಲೆ ಕೊಟ್ಟ ಪುಸ್ತಕವನ್ನು ಗಣ್ಯರು ಕುರ್ಚಿಯಲ್ಲೇ ಬಿಟ್ಟು ಎದ್ದು ಹೋಗಿದ್ದನ್ನು ಕಣ್ಣಾರೆ ನೋಡಿದ್ದೇನೆ. ಆ ಪುಸ್ತಕ ನಮ್ಮ ಬೀದಿಯ ಹೊಲಿಗೆ ಅಂಗಡಿಯ ಬೆಂಚಿಗೆ ಬಂದಿದ್ದರೆ ವಾರದೊಳಗೆ ಇಬ್ಬರು ಓದಿರುತ್ತಿದ್ದರು.

ಹಾಗಾಗಿ ಆ ನಾಲ್ಕು ಪುಟ ಹಾಗೇ ಇರುತ್ತವೆ. ಹೊಸದಾಗಿ ಒಂದು ಸೇರಿಸುತ್ತೇವೆ. ಬರುವ ತಿಂಗಳಿಂದ ಪ್ರತಿ ಪರಿಚಯದ ಕೆಳಗೆ ಆ ಪುಸ್ತಕ ಹಾಸನ, ಚಿಕ್ಕಮಗಳೂರಿನಲ್ಲಿ ಎಲ್ಲಿ ಸಿಗುತ್ತದೆ, ಬೆಲೆ ಎಷ್ಟು ಅಂತ ಹಾಕುತ್ತೇವೆ.

ನಿಮ್ಮಿಂದಲೂ ಒಂದು ಕೆಲಸ ಆಗಬೇಕು. ನಿಮ್ಮ ಅಕ್ಷರ ಚೆನ್ನಾಗಿದೆ. ಮುಂದಿನ ಶನಿವಾರ ಊರಲ್ಲಿದ್ದಾಗ ಕಂದಾಯ ರಸೀದಿಯ ಜೆರಾಕ್ಸ್ ಇಟ್ಟು ಒಂದು ಅರ್ಜಿ ಬರೆಯಿರಿ. ನಿಮ್ಮ ಬಡಾವಣೆಯ ಗ್ರಂಥಾಲಯವನ್ನು ರಾತ್ರಿ ಎಂಟೂವರೆವರೆಗೆ ತೆರೆದಿಡಿ, ಬೀರುವಿನ ಬೀಗ ತೆಗೆಯಿರಿ ಅಂತ ಕೇಳಿ. ಅಕ್ಕಪಕ್ಕದ ಮನೆಯವರ ಸಹಿಯೂ ಇರಲಿ. ಕೊಟ್ಟಿದ್ದಕ್ಕೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡು ಒಂದು ಪ್ರತಿ ನಮಗೆ ಕಳಿಸಿ. ಪ್ರಕಟಿಸುತ್ತೇವೆ.

ಸಂಪಾದಕ