ನಿಮ್ಮ ಸೊಮಾಲಿಯಾ ಲೇಖನ ಸದ್ಯಕ್ಕೆ ಹಾಕೋಕಾಗಲ್ಲ, ಯಾಕೆ ಅಂದ್ರೆ

ನಮಸ್ಕಾರ. ‘ಕುಲದ ಕಿಚ್ಚಿನಲ್ಲಿ ಬೆಂದ ದೇಶ’ ಪೂರ್ತಿ ಓದಿದೆ, ಪೆನ್ಸಿಲ್ ಹಿಡ್ಕೊಂಡೇ ಓದಿದೆ. ಈಗಿರೋ ಹಾಗೆ ಹಾಕೋಕಾಗಲ್ಲ. ಕೈ ಬಿಡಿ ಅಂತಾನೂ ಹೇಳ್ತಿಲ್ಲ, ಸೊಮಾಲಿ ಜನರ ಬಗ್ಗೆ ಇಷ್ಟು ಓದ್ಕೊಂಡು ಕನ್ನಡದಲ್ಲಿ ಬರೆಯೋಕೆ ಕೂತೋರು ಎಷ್ಟು ಜನ ಇದಾರೆ ಹೇಳಿ, ಅದಕ್ಕೇ ಒಂದು ಲೈನಲ್ಲಿ ಮುಗಿಸದೆ ಇಷ್ಟುದ್ದ ಬರೀತಿದೀನಿ, ಸ್ವಲ್ಪ ಖಾರ ಇರುತ್ತೆ, ತಡ್ಕೊಳ್ಳಿ.

ಶುರು ಮಾಡಿರೋದೇ ತಪ್ಪು ಜಾಗದಿಂದ. 2024ರ ಮಾರ್ಚಲ್ಲಿ ನಮ್ಮ ನೌಕಾಪಡೆ ರುಯೆನ್ ಹಡಗನ್ನ ಬಿಡಿಸಿ 35 ಕಡಲ್ಗಳ್ಳರನ್ನ ಮುಂಬೈಗೆ ತಂದದ್ದು, ಅಲ್ಲಿಂದ ಒಂದೇ ಜಿಗಿತಕ್ಕೆ 1993ರ ಅಕ್ಟೋಬರಿನ ರಾಜಧಾನಿ ಮೊಗದಿಶು, ಅಲ್ಲಿ ಹೊಡೆದುರುಳಿಸಿದ ಅಮೆರಿಕದ ಎರಡು ಹೆಲಿಕಾಪ್ಟರ್, ಸತ್ತ 18 ಅಮೆರಿಕನ್ ಸೈನಿಕರು, ಆಮೇಲೆ ಅಲ್-ಶಬಾಬ್ ಅನ್ನೋ ಉಗ್ರರ ಗುಂಪು. ಮೂರೂ ನಿಜಾನೇ. ಆದ್ರೆ ಮೂರು ಕಡೇನೂ ಸೊಮಾಲಿಗಳು ಅಂದ್ರೆ ಬಂದೂಕು ಹಿಡಿದ ಒಂದು ಗುಂಪು ಅಷ್ಟೇ, ಒಬ್ಬನಿಗೂ ಮನೆ ಇಲ್ಲ, ಒಂಟೆ ಇಲ್ಲ, ಸಾಲ ಇಲ್ಲ, ಮಾತು ಕೇಳದ ತಮ್ಮ ಇಲ್ಲ. ಅಕ್ಟೋಬರ್ 3-4ರಂದು ಸತ್ತ ಸೊಮಾಲಿಗಳು ನೂರಾರು ಜನ, ನಿಮ್ಮಲ್ಲಿ ಅವರಿಗೆ ಸಿಕ್ಕಿರೋದು ಅರ್ಧ ವಾಕ್ಯ. ಅದೇ ವರ್ಷ ಜುಲೈ 12ಕ್ಕೆ ಕುಲದ ಹಿರಿಯರೂ ಸೇರಿ ಸಭೆ ಕೂತಿದ್ದ ಮನೆ ಮೇಲೆ ಅಮೆರಿಕದವರು ಹೆಲಿಕಾಪ್ಟರಿಂದ ಮಿಸೈಲ್ ಹೊಡೆದ್ರಲ್ಲ, ಅದರ ಸುದ್ದೀನೇ ಇಲ್ಲ. ಅದನ್ನ ಬಿಟ್ರೆ ಅಕ್ಟೋಬರಲ್ಲಿ ಗಲ್ಲಿಗಲ್ಲಿಯ ಜನ ಯಾಕೆ ಹಾಗೆ ರೊಚ್ಚಿಗೆದ್ದು ಬೀದಿಗೆ ಬಂದ್ರು ಅನ್ನೋದು ಓದೋರಿಗೆ ಹೇಗೆ ಗೊತ್ತಾಗ್ಬೇಕು?

ಈಗ ದೊಡ್ಡ ತಕರಾರು. ‘ಭಾಷೆ ಒಂದು, ಧರ್ಮ ಒಂದು, ಆದರೂ ಕುಲದ ಹುಚ್ಚು ಅವರನ್ನು ನಾಶ ಮಾಡಿತು’ ಅಂತ ಮೂರು ಕಡೆ ಬರೆದಿದೀರಿ. ಕುಲಾನೇ ಕಾರಣ ಆಗಿದ್ರೆ ಒಂದು ಲೆಕ್ಕ ಕೂಡಲ್ಲ ನೋಡಿ. 1991ರ ನವೆಂಬರಿಂದ ಮೊಗದಿಶುವನ್ನ ಸೀಳಿ ಹಾಕಿದ ಇಬ್ಬರು ಬಂದೂಕುಪಡೆ ನಾಯಕರು, ಐದೀದ್ ಮತ್ತು ಅಲಿ ಮಹ್ದಿ, ಇಬ್ಬರೂ ಹವಿಯೆ ಕುಲದವರೇ, ಒಂದೇ ಸಂಘಟನೆಯಲ್ಲಿದ್ದವರೇ. ಅತ್ಲಾಗೆ ಉತ್ತರದ ಬೊರಾಮ ಊರಲ್ಲಿ 1993ರ ಶುರುವಿನಿಂದ ಮೇ ತನಕ ತಿಂಗಳುಗಟ್ಟಲೆ ಕೂತು ಮಾತಾಡಿ ಯುದ್ಧ ನಿಲ್ಲಿಸಿ ಸರ್ಕಾರ ಕಟ್ಟಿ ಈಗಾಲ್ ಅವರನ್ನ ಅಧ್ಯಕ್ಷ ಮಾಡಿದ್ರಲ್ಲ, ಅವರು ಯಾರು? ಕುಲದ ಹಿರಿಯರೇ. ಅಲ್ಲಿ ಅಮೆರಿಕದ ಸೈನ್ಯ ಇರ್ಲಿಲ್ಲ, ಖರ್ಚಿನ ಬಹುಪಾಲು ಊರಿನವರು, ವ್ಯಾಪಾರಿಗಳು, ಹೊರದೇಶದಲ್ಲಿದ್ದ ಬಂಧುಗಳು ಹಾಕಿದ್ದು. ಅಂದ್ರೆ ಒಂದೇ ವರ್ಷ, ಒಂದೇ ಜನ, ಒಂದೇ ಥರದ ವ್ಯವಸ್ಥೆ, ಒಂದು ಕಡೆ ಬೀದಿಕಾಳಗ, ಇನ್ನೊಂದು ಕಡೆ ರಾಜಿ. ಆ ಉತ್ತರ ಭಾಗವೇ ಸೊಮಾಲಿಲ್ಯಾಂಡ್, ತಾನು ಬೇರೆ ದೇಶ ಅಂತ ಸಾರ್ಕೊಂಡದ್ದು, ನಿಮ್ಮ ಲೇಖನದಲ್ಲಿ ಅದು ಬರೋದು ಬ್ರಾಕೆಟಲ್ಲಿ, ‘2025ರ ಕೊನೆಯವರೆಗೂ ಯಾರೂ ಮಾನ್ಯತೆ ಕೊಡದ ಪ್ರದೇಶ’ ಅಂತ. ಅಸಲಿ ಕಥೆ ಆ ಬ್ರಾಕೆಟ್ ಒಳಗೇ ಇದೆ ಮಾರಾಯ್ರೆ.

‘ನಮ್ಮ ಜಾತಿ ಇದ್ದ ಹಾಗೆ ಅವರ ಕುಲ’ ಅಂದಿರೋದನ್ನೂ ತೆಗೀರಿ, ಅಥವಾ ಸರಿಯಾದ ಜಾಗದಲ್ಲಿ ಇಡಿ. ಅಪ್ಪ, ಅಜ್ಜ, ಮುತ್ತಜ್ಜ ಅಂತ ಮಕ್ಕಳು ಇಪ್ಪತ್ತು ತಲೆಮಾರು ಒಪ್ಪಿಸ್ತಾರಲ್ಲ, ಆ ವಂಶದ ಸಾಲು ಅದು. ದಾರೋದ್, ಇಸಾಕ್, ಹವಿಯೆ ಅನ್ನೋ ದೊಡ್ಡ ಕುಲಗಳ ನಡುವೆ ಮಡಿ-ಮೈಲಿಗೆ ಇಲ್ಲ, ಹೆಣ್ಣು ಕೊಟ್ಟು ತರೋದು ಸಾಮಾನ್ಯ, ಮದುವೆ ಆದ್ಮೇಲೂ ಹೆಣ್ಣು ಅಪ್ಪನ ಕುಲದವಳೇ, ಹಾಗಾಗಿ ಜಗಳ ಆದಾಗ ತವರಿಗೂ ಗಂಡನ ಕಡೆಗೂ ನಡುವೆ ಸಿಕ್ಕಿ ಒದ್ದಾಡೋಳೂ ಅವಳೇ, ಎರಡೂ ಕಡೆಗೆ ಸುದ್ದಿ ಹೊತ್ತು ಹೋಗೋಳೂ ಅವಳೇ. ಒಬ್ಬ ಕೊಲೆ ಮಾಡಿದ ಅಂದ್ರೆ ಅವನೊಬ್ಬನೇ ತಪ್ಪಿತಸ್ಥ ಅಲ್ಲ, ಅವನ ಹತ್ತಿರದ ಬಳಗ ಎಲ್ಲಾ ಸೇರಿ ಪರಿಹಾರ ಕಟ್ಟಬೇಕು, ಹೇರ್ ಅನ್ನೋ ಬಾಯಿಮಾತಿನ ಕಾನೂನಿನ ಪ್ರಕಾರ ಗಂಡಸಿನ ಜೀವಕ್ಕೆ 100 ಒಂಟೆ, ಹೆಂಗಸಿಗೆ ಸಾಮಾನ್ಯವಾಗಿ ಅದರ ಅರ್ಧ (ಇದನ್ನ ಮುಚ್ಚಿಡ್ಬೇಡಿ, ಬರೀರಿ). ಬರಗಾಲದಲ್ಲಿ ಸೊಮಾಲಿಗೆ ಇನ್ಶೂರೆನ್ಸೂ ಇದೇ, ಕೋರ್ಟೂ ಇದೇ. ಜಾತಿ ಹೋಲಿಕೆ ನಿಜವಾಗಿ ಕೂರೋದು ಬೇರೆ ಕಡೆ: ಚರ್ಮ, ಕಮ್ಮಾರಿಕೆ ಕೆಲಸದ ಮಿದ್ಗಾನ್, ತುಮಾಲ್ ಅಂತ ಸಮುದಾಯಗಳಿವೆ, ಅವರ ಮನೆಗೆ ಉಳಿದವರು ಹೆಣ್ಣು ಕೊಡಲ್ಲ, ತರಲ್ಲ. ಅವರ ಬಗ್ಗೆ ನಿಮ್ಮಲ್ಲಿ ಒಂದಕ್ಷರ ಇಲ್ಲ, ಕರ್ನಾಟಕದ ಓದುಗರಿಗೆ ಥಟ್ಟಂತ ತಾಕೋದು ಅದೇ ಆಗಿತ್ತು.

ಸಿಯಾದ್ ಬರ್ರೆಯನ್ನ ಎರಡು ಸಾಲಲ್ಲಿ ‘ಸರ್ವಾಧಿಕಾರಿ’ ಅಂದು ದಾಟಿಬಿಟ್ಟಿದೀರಿ. ಅಯ್ಯೋ, ಕೊಂಡಿ ಎಲ್ಲಾ ಅಲ್ಲೇ ಇರೋದು. 1969ರಲ್ಲಿ ಗದ್ದುಗೆ ಹಿಡಿದ, ಕುಲವಾದಕ್ಕೆ ಗೊಂಬೆ ಮಾಡಿಸಿ ಊರೂರಲ್ಲಿ ಸಾರ್ವಜನಿಕವಾಗಿ ಸುಡಿಸಿದ, ಹೂಳಿಸಿದ, ಯಾವ ಕುಲ ಅಂತ ಕೇಳೋದೇ ಅಪರಾಧ ಅಂದ, ಒಳಗಡೆ ಮಾತ್ರ ತನ್ನ ಕುಲ, ತಾಯಿಯ ಕುಲ, ಅಳಿಯನ ಕುಲ ಈ ಮೂರರ ಮೇಲೇ ಸರ್ಕಾರ ನಿಲ್ಲಿಸಿದ. 1977ರಲ್ಲಿ ಇಥಿಯೋಪಿಯಾದೊಳಗೆ ಸೊಮಾಲಿಗಳಿರೋ ಒಗಾಡೆನ್‌ಗೆ ನುಗ್ಗಿದ, ಸೋವಿಯತ್ ಇಥಿಯೋಪಿಯಾ ಪಕ್ಷ ಸೇರ್ತು, ಕ್ಯೂಬಾ ಸೈನ್ಯಾನೂ ಬಂತು, 1978ರ ಮಾರ್ಚಲ್ಲಿ ಸೋತು ವಾಪಸ್. ಅದರ ಮುಂದಿನ ತಿಂಗಳೇ ಮಜೆರ್ತೈನ್ ಕುಲದ ಸೇನಾಧಿಕಾರಿಗಳ ದಂಗೆ ಯತ್ನ, ಅದಕ್ಕೆ ಶಿಕ್ಷೆ ಅಂತ ಅವರ ಕುಲದ ದನಗಾಹಿಗಳ ನೀರಿನ ತೊಟ್ಟಿಗಳನ್ನ ಸೈನ್ಯದವರೇ ಒಡೆದು ಹಾಕಿದ್ರು. ಮಳೆ ನೀರು ಹಿಡಿದಿಟ್ಟು ಬೇಸಿಗೆ ದಾಟೋ ಜಾಗದಲ್ಲಿ ತೊಟ್ಟಿ ಒಡೆಯೋದು ಅಂದ್ರೆ ಏನು ಅಂತ ಒಂದು ಪ್ಯಾರಾ ನಿಧಾನವಾಗಿ ಬರೀರಿ, ನಮ್ಮ ಬಯಲುಸೀಮೆಯವರಿಗೆ ಯಾರೂ ಬಿಡಿಸಿ ಹೇಳೋದು ಬೇಡ. ಆಮೇಲೆ 1988. ಉತ್ತರದಲ್ಲಿ ಇಸಾಕ್ ಜನರ ಹರ್ಗೈಸಾ ನಗರದ ಮೇಲೆ ಅದೇ ನಗರದ ಏರ್‌ಪೋರ್ಟಿಂದಲೇ ಎದ್ದ ಸರ್ಕಾರಿ ವಿಮಾನಗಳು ಬಾಂಬ್ ಹಾಕಿ ಅಲ್ಲೇ ಬಂದು ಇಳೀತಿದ್ವು. ಲಕ್ಷಾಂತರ ಜನ ಗಡಿ ದಾಟಿ ಇಥಿಯೋಪಿಯಾಗೆ ಓಡಿದ್ರು. ಆಗ ಬಿದ್ದ ಒಂದು ಮಿಗ್ ವಿಮಾನ ಈಗಲೂ ಊರ ಮಧ್ಯ ಕಂಬದ ಮೇಲೆ ಸ್ಮಾರಕವಾಗಿ ನಿಂತಿದೆ. ಇಷ್ಟಾದ ಮೇಲೆ ಜನ ಕುಲದ ಹಿಂದೆ ಅಡಗದೆ ಇನ್ನೆಲ್ಲಿ ಅಡಗಬೇಕಿತ್ತು?

1992ರ ಬರದ ಭಾಗದಲ್ಲಿ ‘ಪ್ರಕೃತಿ ಮುನಿಯಿತು’ ಅಂದಿದೀರಿ. ಮಳೆ ಕೈಕೊಟ್ಟದ್ದು ಹೌದು, ಆದ್ರೆ ಸತ್ತೋರು ಹೆಚ್ಚಾಗಿ ಯಾರು ಅಂತ ನೋಡಿ: ದಕ್ಷಿಣದ ಬೈದೋವಾ ಸುತ್ತಿನ ರಹನ್‌ವೈನ್ ಕುಲದ ರೈತರು, ಜೂಬಾ ಶಬೆಲ್ಲೆ ನದಿ ದಡದ ಬಾಂಟು ರೈತರು. ಬಂದೂಕು ಇಲ್ಲದೋರು. ಅವರ ಕಣಜ ದೋಚಿದ್ದು ಓಡಾಡ್ತಿದ್ದ ಸೈನ್ಯಗಳು. ನದಿ ದಡದ ಜಮೀನಂತೂ 1975ರ ಭೂಕಾನೂನು ಬಂದಾಗಿನಿಂದಲೇ ಆಫೀಸಲ್ಲಿ ಪರಿಚಯ ಇದ್ದೋರ ಹೆಸರಿಗೆ ರಿಜಿಸ್ಟರ್ ಆಗ್ತಾ ಇತ್ತು. 2000ದಲ್ಲಿ ಸಂಸತ್ತಿನ ಸೀಟು ಹಂಚುವಾಗ ನಾಲ್ಕು ದೊಡ್ಡ ಕುಲಕ್ಕೆ ತಲಾ ಒಂದು ಪಾಲು, ಉಳಿದವರಿಗೆಲ್ಲಾ ಸೇರಿ ಅರ್ಧ ಪಾಲು ಅಂತ ಸೂತ್ರ ಮಾಡಿದ್ರಲ್ಲ, ಆ ಅರ್ಧಕ್ಕೆ ಬಿದ್ದವರಲ್ಲಿ ಈ ಬಾಂಟುಗಳೂ ಇದಾರೆ.

‘ಅಕ್ಷರ ಕಾಣದ ಜನಾಂಗ’ ಅನ್ನೋ ಮಾತನ್ನ ನಾನೇ ಹೊಡೆದು ಹಾಕಿದೀನಿ. ಸೊಮಾಲಿ ಭಾಷೆಗೆ ಲಿಪಿ ಅಧಿಕೃತವಾಗಿದ್ದು 1972ರಲ್ಲಿ ಅನ್ನೋದು ಸರಿ, ಅದಕ್ಕೂ ಮುಂಚೆ ರಾಜಕೀಯ ನಡೀತಿದ್ದದ್ದೇ ಪದ್ಯದಲ್ಲಿ, ಇಡೀ ಪದ್ಯ ಒಂದೇ ಅಕ್ಷರದ ಪ್ರಾಸದ ಮೇಲೆ ನಿಲ್ಲಿಸಬೇಕು. 1913ರಲ್ಲಿ ಬ್ರಿಟಿಷ್ ಅಧಿಕಾರಿ ಕಾರ್‌ಫೀಲ್ಡ್ ಕಾಳಗದಲ್ಲಿ ಸತ್ತಾಗ, ಬ್ರಿಟಿಷರ ವಿರುದ್ಧ ಹೋರಾಡ್ತಿದ್ದ ಕವಿ ಸಯ್ಯಿದ್ ಮೊಹಮ್ಮದ್ ಅಬ್ದುಲ್ಲಾ ಹಸನ್ ಅವನ ಹೆಣಕ್ಕೇ ಪದ್ಯ ಹೇಳ್ದ. ಹದ್ರಾವಿ ಅನ್ನೋ ಕವಿಯನ್ನ ಬರ್ರೆ 1973ರಿಂದ 1978ರವರೆಗೆ ಬಂಧನದಲ್ಲಿಟ್ಟಿದ್ದ, ಕವಿಗೆ ಅಷ್ಟು ಹೆದರೋ ಊರು ಅನಕ್ಷರಸ್ಥ ಹೇಗಾಗುತ್ತೆ. ಭಾಷೆ ವಿಷಯ ಬಂದಿದ್ದಕ್ಕೆ, ‘ರಕ್ತಸಿಕ್ತ’, ‘ನರಮೇಧ’, ‘ಅಟ್ಟಹಾಸ’ ಎಲ್ಲಾ ತೆಗೀರಿ, ಟಿವಿಯವರಿಗೆ ಬಿಟ್ಬಿಡಿ.

ಭಾರತದ ನಂಟು ತೋರಿಸ್ಲೇಬೇಕು ಅಂತಿದ್ರೆ ಕಡಲ್ಗಳ್ಳರೇ ಬೇಕಿಲ್ಲ. ಬ್ರಿಟಿಷ್ ಸೊಮಾಲಿಲ್ಯಾಂಡನ್ನ 1898ರವರೆಗೆ ಬ್ರಿಟಿಷ್ ಇಂಡಿಯಾದ ಕಡೆಯಿಂದ ಆಳ್ತಿದ್ರು, ನಮ್ಮ ರೂಪಾಯಿ ಅಲ್ಲಿ ಓಡ್ತಿತ್ತು, 1993-94ರಲ್ಲಿ ವಿಶ್ವಸಂಸ್ಥೆ ಕಡೆಯಿಂದ ಭಾರತದ ಬ್ರಿಗೇಡ್ ಬೈದೋವಾದಲ್ಲಿತ್ತು, 2022ರಲ್ಲಿ ಸೊಮಾಲಿಯಾ ಅಧ್ಯಕ್ಷರಾಗಿ ಆಯ್ಕೆಯಾದ ಹಸನ್ ಶೇಖ್ ಮೊಹಮುದ್ ಭೋಪಾಲಲ್ಲಿ ಓದಿದವರು. ಬೆಂಗಳೂರಲ್ಲೇ ಸೊಮಾಲಿ ಸ್ಟೂಡೆಂಟ್ಸ್ ಇದಾರೆ, ಹೋಗಿ ಮಾತಾಡಿಸಿ, ಮೊದಲ ಭೇಟಿಯಲ್ಲೇ ‘ನಿಮ್ಮದು ಯಾವ ಕುಲ’ ಅಂತ ಮಾತ್ರ ಕೇಳ್ಬೇಡಿ.

ಹಾಗಂತ ಸೊಮಾಲಿಲ್ಯಾಂಡನ್ನ ರಾಮರಾಜ್ಯ ಮಾಡಿ ಕಳಿಸ್ಬೇಡಿ. 1994ರಿಂದ ಅಲ್ಲೂ ಒಳಗೊಳಗೇ ಯುದ್ಧ ಆಗಿದೆ, 2023ರಲ್ಲಿ ಪೂರ್ವದ ಲಾಸ್ ಅನೋದ್ ಊರಿನ ಧುಲ್ಬಹಂತೆ ಕುಲದ ಜನ ನಮಗೆ ನಿಮ್ಮ ಸಹವಾಸ ಬೇಡ ಅಂತ ತಿರುಗಿಬಿದ್ದು ಸೊಮಾಲಿಲ್ಯಾಂಡ್ ಸೈನ್ಯವನ್ನ ಹೊರಗೆ ಹಾಕಿದಾರೆ. ಅದೂ ಬರ್ಲಿ, ಒಂದು ಪ್ಯಾರಾ ಸಾಕು.

ಮುಂದೆ ಏನು ಮಾಡ್ಬೇಕು ಅಂದ್ರೆ, 1993ನೇ ಇಸವಿ ಒಂದನ್ನೇ ಇಟ್ಕೊಳ್ಳಿ, ಬೊರಾಮ ಮತ್ತು ಮೊಗದಿಶು, ಎರಡೇ ಊರು. ಹಿಂದಿನದ್ದು ಬೇಕಾದಾಗ ಬೇಕಾದಷ್ಟೇ ಬರ್ಲಿ. ಕಡಲ್ಗಳ್ಳರನ್ನ ಪೂರ್ತಿ ಬಿಡಿ, ಅದು ಇನ್ನೊಂದು ಲೇಖನ, ವಿದೇಶಿ ಟ್ರಾಲರ್‌ಗಳು ಅವರ ಮೀನು ದೋಚಿದ್ದನ್ನೂ ಸೇರಿಸಿ ಬೇಕಾದ್ರೆ ಆಮೇಲೆ ಬರೀರಿ. ಮೊದಲು ಬೊರಾಮ ಭಾಗ ಬರೆದು ಅಷ್ಟನ್ನೇ ಕಳಿಸಿ, ಹೆಸರುಗಳ ಸ್ಪೆಲ್ಲಿಂಗ್ ಎಲ್ಲಾ ಕಡೆ ಒಂದೇ ಥರ ಇರ್ಲಿ, ಬರ್ರೆ ಒಂದು ಪೇಜಲ್ಲಿ ಬಾರೆ ಆಗಿದಾನೆ.